ಒಂದನೇ ನಂಬರಿನ ಇಬ್ಬರು

ಬೀದರಿನಲ್ಲಿ ಒಬ್ಬಳು ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು ಬದುಕುತ್ತಾಳೆ ಎಂದರೆ ಜನ ಮೊದಲು ಕೇಳುವುದು, "ಝೆರಾಕ್ಸ್ ಎಷ್ಟಕ್ಕ ತೆಗೀತಾಳ್ರಿ?" ಎಂದು. ವಿಶಾಖಾಳಿಗೆ ಈ ಪ್ರಶ್ನೆ ಕೇಳಿ ಕೇಳಿ ರೂಢಿಯಾಗಿದೆ. ನನಗೆ ಆಗಿಲ್ಲ. ಯಾರಾದರೂ ಹಾಗೆಂದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ಉಜ್ವಲಾ. ಬೀದರಿನ ಒಂದು ಖಾಸಗಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹನ್ನೆರಡು ವರ್ಷದಿಂದ ಹೆಂಗಸರ ಕಿಟಕಿಯಲ್ಲಿ ಕೂರುತ್ತೇನೆ. ಬಂದವರ ಹೆಸರು ಬರೆದುಕೊಂಡು ನಂಬರಿನ ಚೀಟಿ ಕೊಡುವುದು ನನ್ನ ಕೆಲಸ. ಎದುರಿನದು ಗಂಡಸರ ಕಿಟಕಿ, ಅಲ್ಲಿ ಗೌರವ ಎಂಬ ಹುಡುಗ ಕೂರುತ್ತಾನೆ. ಒಳಗೆ ರಕ್ತ ಪರೀಕ್ಷೆ ಮಾಡುವವನು ಮಕ್ಸೂದ. ಬಾಗಿಲು ತೆಗೆಯುವುದು, ಯಂತ್ರಗಳನ್ನು ಚಾಲೂ ಮಾಡುವುದು, ಜಗಳ ಬಿಡಿಸುವುದು ಎಲ್ಲ ಖಾಜಾ ಮಿಯಾ. ಲ್ಯಾಬಿನ ಯಜಮಾನರನ್ನು ನಾವು ಡಾಕ್ಟರ್ ಸಾಹೇಬರು ಎನ್ನುತ್ತೇವೆ. ಅವರಿಗೆ ನನ್ನ ಬಾಯಿ ಕಂಡರೆ ಆಗುವುದಿಲ್ಲ, ನನ್ನ ಅಕ್ಷರ ಕಂಡರೆ ಆಗುತ್ತದೆ. ಹಾಗಾಗಿ ಉಳಿದುಕೊಂಡಿದ್ದೇನೆ.

ವಿಶಾಖಾ ಹುಟ್ಟಿ ಬೆಳೆದದ್ದು ಔರಾದ ತಾಲ್ಲೂಕಿನ ಸಂತಪುರದಲ್ಲಿ. ಅಪ್ಪ ಅಶ್ವಜಿತ ಪ್ರಾಥಮಿಕ ಶಾಲೆಯ ಮಾಸ್ತರರು. ಮಗಳು ಬೀದರಿಗೆ ಬಂದು ಕಂಪ್ಯೂಟರ್ ಡಿಪ್ಲೊಮಾ ಮಾಡಿದಳು, ಆಮೇಲೆ ಭಾಲ್ಕಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುವ ಕೆಲಸ ಹಿಡಿದಳು. ಬೆಳಿಗ್ಗೆ ಹನ್ನೊಂದರ ಬಸ್ಸಿಗೆ ಹೋಗುತ್ತಾಳೆ, ಸಂಜೆ ಬರುತ್ತಾಳೆ. ನಡುವೆ ಸಿಕ್ಕ ಹೊತ್ತಿನಲ್ಲಿ ಊರಿನವರಿಗೆ ಬೇಕಾದ ಸಣ್ಣಪುಟ್ಟ ಪ್ರೋಗ್ರಾಂ ಬರೆದುಕೊಡುತ್ತಾಳೆ. ಭಾಲ್ಕಿಯ ಒಂದು ಮಂಗಲ ಕಾರ್ಯಾಲಯಕ್ಕೆ ಬರೆದುಕೊಟ್ಟದ್ದು ಈಗಲೂ ನಡೆಯುತ್ತಿದೆ. ಅಲ್ಲಿ ಮೊದಲು ಒಂದೇ ಮುಹೂರ್ತಕ್ಕೆ ಎರಡು ಮದುವೆ ಒಪ್ಪಿಕೊಂಡು ಬಡಿದಾಟವಾಗಿತ್ತಂತೆ.

ವಯಸ್ಸು ಇಪ್ಪತ್ತೊಂಬತ್ತು. ಮಾತು ಕಡಿಮೆ, ಆಡಿದರೆ ಒರಟು. ಬಂದವಳಿಗೆ ಚಹಾ ಕೊಟ್ಟರೆ, "ಆಮ್ಯಾಲ ಕುಡೀತೇನಿ ಅಕ್ಕಾ" ಎಂದು ತಣ್ಣಗಾಗಲು ಬಿಟ್ಟು ಹೋಗುತ್ತಾಳೆ. ಅವಳ ಕೀಬೋರ್ಡಿಗೆ ಯಾರಾದರೂ ಕೈ ಹಚ್ಚಿದರೆ ಮುಖ ನೋಡಬೇಕು! ನನಗೆ ಮೊದಮೊದಲು ಅವಳು ಸೊಕ್ಕಿನವಳು ಅನ್ನಿಸಿತ್ತು. ಹಾಗೆಂದು ನಾಲ್ಕು ಜನರ ಮುಂದೆ ಹೇಳಿಯೂ ಇದ್ದೆ.

ಹೋದ ವರ್ಷ ಸಾಹೇಬರು ನಮ್ಮ ಕೈಬರಹದ ಚೀಟಿ ಬಿಡಿಸಿ, ಅವಳಿಂದ ನಂಬರ್ ಕೊಡುವ ಪ್ರೋಗ್ರಾಂ ಬರೆಸಿದರು. ದೊಡ್ಡ ಕಂಪ್ಯೂಟರ್ ಮಕ್ಸೂದನ ಕೋಣೆಯಲ್ಲಿ. ನನ್ನದೂ ಗೌರವನದೂ ಅದಕ್ಕೆ ಜೋಡಿಸಿದ ಸಣ್ಣವು. ಯಾರು ಗುಂಡಿ ಒತ್ತಿದರೂ ಮುಂದಿನ ನಂಬರ್ ಬರಬೇಕು. ನನಗೆ ಏಳು ಬಂದರೆ ಗೌರವನಿಗೆ ಎಂಟು ಬರಬೇಕು. ಪ್ರತಿದಿನ ಮತ್ತೆ ಒಂದರಿಂದ ಶುರು.

ಇದರಲ್ಲಿ ಕಷ್ಟವೇನು ಎಂದು ನಾನು ಕೇಳಿದ್ದೆ. ಅವತ್ತು ಅವಳಿಗೆ ಏನು ತಿಳಿಯಿತೋ, ಕೂತು ಬಿಡಿಸಿ ಹೇಳಿದಳು. ಪ್ರೋಗ್ರಾಮಿನ ಒಳಗೆ ನಂಬರ್ ಕೊಡುವ ಒಂದು ಆಬ್ಜೆಕ್ಟ್ ಇರುತ್ತದೆ. ಎಷ್ಟರವರೆಗೆ ಕೊಟ್ಟೆ ಎಂಬ ಎಣಿಕೆಯನ್ನು ಅದು ತನ್ನ ಹತ್ತಿರವೇ ಇಟ್ಟುಕೊಂಡಿರುತ್ತದೆ. ಆಬ್ಜೆಕ್ಟ್ ಹೇಗಿರಬೇಕೆಂದು ಬರೆದಿಟ್ಟ ನಮೂನೆಗೆ ಕ್ಲಾಸ್ ಎಂದು ಹೆಸರು. ಒಂದು ಕ್ಲಾಸಿನಿಂದ ಬೇಕಾದಷ್ಟು ಆಬ್ಜೆಕ್ಟ್ ಮಾಡಬಹುದು, ತೊಂದರೆ ಇರುವುದೇ ಅಲ್ಲಿ. ನಂಬರ್ ಕೊಡುವವರು ಇಬ್ಬರಾದರೆ ಇಬ್ಬರೂ ಒಂದರಿಂದಲೇ ಎಣಿಸುತ್ತಾರೆ. ಹಾಗಾಗಿ ಅವಳು ಹೊಸದು ಮಾಡುವ ದಾರಿಯನ್ನು ಹೊರಗಿನವರಿಗೆ ಮುಚ್ಚಿ, ಒಂದೇ ಬಾಗಿಲು ಇಟ್ಟಿದ್ದಳು. ಯಾರು ಬಂದು ಕೇಳಿದರೂ ಆ ಬಾಗಿಲಿನಲ್ಲಿ ಮೊದಲು ನೋಡುವುದು, ಒಳಗೆ ಒಂದು ಇದೆಯೇ ಎಂದು. ಇದ್ದರೆ ಅದನ್ನೇ ಕೊಡುವುದು. ಇಲ್ಲದಿದ್ದರೆ ಒಂದು ಮಾಡಿ ಇಟ್ಟುಕೊಂಡು, ಇನ್ನು ಮುಂದೆ ಎಲ್ಲರಿಗೂ ಅದನ್ನೇ ಕೊಡುವುದು. ಇದಕ್ಕೆ ಸಿಂಗಲ್ಟನ್ ಎನ್ನುತ್ತಾರಂತೆ.

"ಅಂದ್ರ ಹೊಸದು ಎರಡನೇದು ಹುಟ್ಟಂಗೇ ಇಲ್ಲ?" ಎಂದೆ.

"ಬಿಲ್ಕುಲ್ ಇಲ್ಲಕ್ಕಾ" ಎಂದಳು.

ಆಕೆ ಒಬ್ಬಳೇ ಕೂತು ಎರಡು ದಿನ ಪರೀಕ್ಷೆ ಮಾಡಿದಳು. ನನ್ನ ಕಿಟಕಿಯಲ್ಲಿ ಒಮ್ಮೆ ಒತ್ತುವುದು, ಎದ್ದು ಹೋಗಿ ಗೌರವನ ಕಿಟಕಿಯಲ್ಲಿ ಒಮ್ಮೆ ಒತ್ತುವುದು. ಇನ್ನೂರು ಚೀಟಿ ತೆಗೆದಳು, ಒಂದೂ ತಪ್ಪಲಿಲ್ಲ. ಐದು ತಿಂಗಳು ನಾವೆಲ್ಲ ಆರಾಮಾಗಿದ್ದೆವು.

ಐದು ತಿಂಗಳಾದ ಮೇಲೆ ಒಂದು ಬುಧವಾರ, ಹತ್ತು ಗಂಟೆಗೆ, ನಿಜಾಮೋದ್ದೀನ ಸಾಬರು ಬಂದರು. ಟಾಂಗಾ ಓಡಿಸುತ್ತಿದ್ದವರು, ಈಗ ಆಟೋ ಇಟ್ಟಿದ್ದಾರೆ. ಆರೂಕಾಲು ಅಡಿ ಎತ್ತರ, ಅದಕ್ಕೆ ತಕ್ಕ ಹೊಟ್ಟೆ. ಸೋಮವಾರ ಕೊಟ್ಟ ರಕ್ತದ ರಿಪೋರ್ಟನ್ನು ನನ್ನ ಕಿಟಕಿಯಲ್ಲೇ ಬಡಿದರು. ಗಂಡಸರ ಕಿಟಕಿ ಆ ಕಡೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

"ಇದನ್ನ ಓದ್ರಿ ಬಾಯಿ. ನನ್ನ ಮೈಯಾಗ ರಕ್ತ ಐದು ಪಾಯಿಂಟ್ ಎಂಟು ಅಂತ ಬರ್ದೀರಿ. ನಮ್ಮ ಡಾಕ್ಟರ್ ಇದನ್ನ ನೋಡಿ, ಇಷ್ಟ ರಕ್ತ ಇದ್ದಾಂವ ಜಿನಾದ ಮೆಟ್ಟಲು ಹತ್ತಿ ಹ್ಯಾಂಗ ಬಂದಿ ಅಂತ ಕೇಳ್ದರು. ಮುಂಜಾನೆ ನಾಲ್ಕು ರೊಟ್ಟಿ ತಿಂದು ಬಂದೀನಿ, ನಾನು ಹೆಣ ಇದ್ದೀನೇನು?"

ಮಕ್ಸೂದ ಹೊರಗೆ ಬಂದು ಅವರ ರಕ್ತ ಮತ್ತೆ ತೆಗೆದ. ಹತ್ತು ನಿಮಿಷದಲ್ಲಿ ಹದಿನಾಲ್ಕು ಪಾಯಿಂಟ್ ಒಂದು ಎಂದು ಬಂತು. ಸಾಬರು ಮೀಸೆ ತಿರುವಿ, ನಮಗೆಲ್ಲ ಬಾಯಿಗೆ ಬಂದಂತೆ ಬೈದು, ಸಮಾಧಾನದಿಂದ ಹೊರಟುಹೋದರು. ಮಕ್ಸೂದ ಮಾತ್ರ ನಿಂತಲ್ಲೇ ನಿಂತಿದ್ದ.

"ಉಜ್ವಲಾ ಬಾಯಿ, ಯಂತ್ರ ತಾನಾಗಿ ಐದು ಪಾಯಿಂಟ್ ಎಂಟು ಬರಿಯಂಗಿಲ್ರಿ. ಆ ರಕ್ತ ಯಾರದೋ ಒಬ್ಬರ ಮೈಯಾಗಿಂದು ಬಂದದ. ಅವರು ಯಾರು?"

ಐದು ಪಾಯಿಂಟ್ ಎಂಟು ಎಂದರೆ ಎಂಥ ಪರಿಸ್ಥಿತಿ ಎಂಬುದು ಹನ್ನೆರಡು ವರ್ಷ ಲ್ಯಾಬಿನಲ್ಲಿ ಕೂತವಳಿಗೆ ಗೊತ್ತಿರುವುದಿಲ್ಲವೇ? ವಿಶಾಖಾಳಿಗೆ ಫೋನು ಮಾಡಿದೆ. ಭಾಲ್ಕಿಗೆ ಹೊರಡಲು ತಯಾರಾಗಿ ನಿಂತಿದ್ದವಳು ಸ್ಕೂಟಿ ತಿರುಗಿಸಿಕೊಂಡು ಬಂದಳು.

ಸೋಮವಾರದ ಯಾದಿ ತೆಗೆದಳು. ಮೇಲಿನ ಸಾಲಿನಲ್ಲೇ ಸಿಕ್ಕಿತು. ಒಂದನೇ ನಂಬರ್ ನಿಜಾಮೋದ್ದೀನ. ಅದರ ಕೆಳಗೆ, ಮತ್ತೆ ಒಂದನೇ ನಂಬರ್, ಮಾಯಾ, ವಯಸ್ಸು ಇಪ್ಪತ್ತೆರಡು, ಸಂತಪುರ. ಪಕ್ಕದ ಖಾನೆಯಲ್ಲಿ ನಾನೇ ಬರೆದದ್ದಿತ್ತು: ಬಸುರಿ, ಎಂಟೂವರೆ ತಿಂಗಳು. ಅದರ ಮುಂದೆ ಹದಿನಾಲ್ಕು ಪಾಯಿಂಟ್ ಎರಡು.

ಹೇಗಾಯಿತು ಎಂದು ಮಕ್ಸೂದ ಹೇಳಿದ. ಕೊಳವೆಗಳ ಮೇಲೆ ನಂಬರ್ ಮಾತ್ರ ಇರುತ್ತದೆ. ಹೆಂಗಸರ ಕೋಣೆಯ ಕೊಳವೆಗಳು ಒಂದು ಸ್ಟ್ಯಾಂಡಿನಲ್ಲಿ ಬರುತ್ತವೆ, ಗಂಡಸರದು ಇನ್ನೊಂದರಲ್ಲಿ. ಹಳ್ಳಿಗೆ ಹೋಗುವ ಹೆಂಗಸರಿಗೆ ಬಸ್ಸು ತಪ್ಪಬಾರದೆಂದು ಅವನು ಯಾವಾಗಲೂ ಹೆಂಗಸರ ಸ್ಟ್ಯಾಂಡನ್ನೇ ಮೊದಲು ಯಂತ್ರಕ್ಕೆ ಹಾಕುತ್ತಾನೆ. ಯಂತ್ರ ಮಾಯಾಳ ರಕ್ತ ನೋಡಿ, "ಒಂದನೇ ನಂಬರ್, ಐದು ಪಾಯಿಂಟ್ ಎಂಟು" ಎಂದಿತು. ಪ್ರೋಗ್ರಾಂ ಯಾದಿಯಲ್ಲಿ ಮೊದಲು ಕಂಡ ಒಂದನೇ ನಂಬರಿಗೆ, ಅಂದರೆ ಸಾಬರಿಗೆ, ಅದನ್ನು ಅಂಟಿಸಿತು. ಆಮೇಲೆ ಸಾಬರ ರಕ್ತ ಬಂದಾಗ ಖಾಲಿ ಉಳಿದಿದ್ದ ಒಂದನೇ ನಂಬರ್ ಮಾಯಾಳದು.

ಸಾಹೇಬರು ಮಹಡಿಯಿಂದ ಇಳಿದು ಬಂದರು. ಎಲ್ಲ ಕೇಳಿ ಮಕ್ಸೂದನ ಕಡೆ ತಿರುಗಿ, "ಕೊಳವೆ ಅದಲುಬದಲು ಮಾಡಿದ್ದು ನೀನೇ ಇರ್ಬೇಕು" ಎಂದರು.

"ಇಲ್ರಿ ಸರ್. ಗಲತಿ ನಂದು" ಎಂದಳು ವಿಶಾಖಾ. "ಎರಡು ಒಂದನೇ ನಂಬರ್ ಕೊಟ್ಟಿದ್ದು ನನ್ನ ಪ್ರೋಗ್ರಾಂ. ಮಕ್ಸೂದ ಭಾಯಿ, ನೀವು ಆ ಹುಡುಗಿ ಫೋನಿಗೆ ಹಚ್ಚಕೋತ ಇರ್ರಿ. ನನಗ ಇಪ್ಪತ್ತು ನಿಮಿಷ ಕೊಡ್ರಿ. ಆ ದಿವಸ ಇದೊಂದೇ ತಪ್ಪ್ಯದೋ, ಇನ್ನೂ ಬ್ಯಾರೆವೂ ತಪ್ಪ್ಯಾವೋ ಗೊತ್ತಾಗ್ಬೇಕು. ಇಲ್ಲಂದ್ರ ಯಾರ ಮನಿಗಿ ಅಂತ ಓಡೋದು?"

ಮಕ್ಸೂದ ಫೋನು ಹಚ್ಚುತ್ತಲೇ ಇದ್ದ. ಅದು ಮಾಯಾಳ ಗಂಡನ ನಂಬರ್, ಅವನು ಕುರಿ ಹೊಡೆದುಕೊಂಡು ಕಮಲನಗರದ ಆಚೆ ಹೋಗಿದ್ದನಂತೆ, ಫೋನು ಬಂದ್ ಇತ್ತು. ಇತ್ತ ವಿಶಾಖಾ ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ಒಂದು, ಎರಡು, ಮೂರು. ಪ್ರೋಗ್ರಾಂ ಬಂದ್ ಮಾಡಿ ಮತ್ತೆ ಚಾಲೂ ಮಾಡಿದಳು. ಒಂದು, ಎರಡು, ಮೂರು. ಎಲ್ಲ ಸರಿ.

"ನಾವು ಹಿಂಗ ಒತ್ತಂಗಿಲ್ಲವಾ" ಎಂದೆ. "ಮುಂಜಾನಿ ಗಂಟಿ ಹೊಡದ ಕೂಡ್ಲೇ ಇಬ್ಬರೂ ಒಮ್ಮಿಗೇ ಒತ್ತತೇವಿ."

ಅವಳು ನನ್ನ ಕಡೆ ತಿರುಗಿದಳು. "ಯಾವ ಗಂಟಿ?"

ಅಯ್ಯೋ ದೇವರೇ, ಅವಳಿಗೆ ಗೊತ್ತೇ ಇರಲಿಲ್ಲ! ಬೆಳಗಿನ ಏಳಕ್ಕೆ ಅವಳು ಯಾವತ್ತು ಬಂದಿದ್ದಳು? ನಮ್ಮ ಲ್ಯಾಬಿನಲ್ಲಿ ಒಂದನೇ ನಂಬರಿಗೆ ಯಾವಾಗಲೂ ಜಗಳ. ಅಂಗಡಿಯವರು ಬೋಣಿಗೆ ಬೆಲೆ ಕೊಟ್ಟಂತೆ ನಮ್ಮ ಜನ ಮೊದಲ ಚೀಟಿಗೆ ಬೆಲೆ ಕೊಡುತ್ತಾರೆ. ಮೊದಲ ಚೀಟಿ ಸಿಕ್ಕರೆ ರಿಪೋರ್ಟ್ ಚಲೋ ಬರುತ್ತದಂತೆ. ಗೌರವನ ಕಿಟಕಿ ಅರ್ಧ ನಿಮಿಷ ಮೊದಲು ತೆರೆದರೆ ಹೆಂಗಸರು ಕೂಗಾಡುತ್ತಾರೆ, ನನ್ನದು ತೆರೆದರೆ ಗಂಡಸರು. ಅದಕ್ಕೇ ಖಾಜಾ ಮಿಯಾ ಒಂದು ಹಳೆಯ ಶಾಲೆಯ ಗಂಟೆ ತಂದು ನೇತುಹಾಕಿದ್ದರು. ಗಂಟೆ ಬಿದ್ದ ಕ್ಷಣಕ್ಕೆ ಎರಡೂ ಕಿಟಕಿ ತೆರೆಯಬೇಕು, ಇಬ್ಬರೂ ಗುಂಡಿ ಒತ್ತಬೇಕು, ಯಾರಿಗೆ ಬಂತೋ ಅವರ ಪುಣ್ಯ. ಗೌರವನಿಗಿಂತ ಮೊದಲು ಒತ್ತಬೇಕೆಂದು ನಾನು ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕಾಯುತ್ತಿದ್ದೆ. ಅದರಲ್ಲಿ ನನಗೆ ಹೆಮ್ಮೆ ಬೇರೆ.

"ಚಾಚಾ, ಗಂಟಿ ಹೊಡೀರಿ" ಎಂದಳು ವಿಶಾಖಾ.

ಖಾಜಾ ಮಿಯಾರಿಗೆ ಸಿಟ್ಟು ಬಂತು. "ನನ್ನ ಗಂಟಿ ಮ್ಯಾಲ ಹಾಕಬ್ಯಾಡ್ರಿ ಬೇಟಿ. ಗಂಟಿಗಿ ಏನ್ ಗೊತ್ತದ?"

"ಗಂಟಿದು ತಪ್ಪಿಲ್ರಿ ಚಾಚಾ. ಹೊಡೀರಿ."

ಪ್ರೋಗ್ರಾಂ ಹೊಸದಾಗಿ ಚಾಲೂ ಮಾಡಿ, ಗಂಟೆ ಹೊಡೆಸಿ, ನಾನೂ ಗೌರವನೂ ಒತ್ತಿದೆವು. ಒಂದು, ಎರಡು. ಮತ್ತೆ ಚಾಲೂ ಮಾಡಿ, ಮತ್ತೆ ಒತ್ತಿದೆವು. ಒಂದು, ಎರಡು. ಆರನೇ ಸಲ ನನ್ನ ಚೀಟಿ ಬಂತು, ಒಂದು. ಗೌರವನ ಚೀಟಿ ಬಂತು, ಒಂದು. ಅದರ ಮುಂದಿನವು ಎರಡು, ಮೂರು, ನಾಲ್ಕು, ಎಲ್ಲ ಸರಿಯಾಗೇ ಬಂದವು.

ವಿಶಾಖಾ ಕುರ್ಚಿಯಲ್ಲಿ ಕೂತುಬಿಟ್ಟಳು. ಅವಳ ಆ ಬಾಗಿಲಿನಲ್ಲಿ ನೋಡುವುದು ಒಂದು ಕೆಲಸ, ಮಾಡಿಡುವುದು ಇನ್ನೊಂದು ಕೆಲಸ. ಮಾಡುವಾಗ ಹಿಂದಿನ ದಿನದ ಕಡತ ಓದಿ ಮುಚ್ಚಬೇಕು, ಅದಕ್ಕೆ ಅರೆಕ್ಷಣ ಹಿಡಿಯುತ್ತದೆ. ನನ್ನ ಗುಂಡಿ ಬಂದು ನೋಡಿತು, ಒಳಗೆ ಯಾರೂ ಇಲ್ಲ. ಅದು ಮಾಡಲು ಹತ್ತಿರುವಾಗಲೇ ಗೌರವನ ಗುಂಡಿಯೂ ಬಂದು ನೋಡಿತು, ಇನ್ನೂ ಯಾರೂ ಇಲ್ಲ. ಅದೂ ಒಂದು ಮಾಡಿತು. ನಂಬರ್ ಕೊಡುವವರು ಇಬ್ಬರಾದರು. ಎರಡನೆಯದಾಗಿ ಹುಟ್ಟಿದ್ದು ಬಾಗಿಲಿನಲ್ಲಿ ಉಳಿಯಿತು, ಮೊದಲು ಹುಟ್ಟಿದ್ದು ಒಂದು ಚೀಟಿ ಕೊಟ್ಟು ಸತ್ತುಹೋಯಿತು. ಖಾಜಾ ಮಿಯಾ ದಿನಾ ರಾತ್ರಿ ಕಂಪ್ಯೂಟರ್ ಬಂದ್ ಮಾಡುವುದರಿಂದ ದಿನಾ ಬೆಳಿಗ್ಗೆ ಹೊಸದು ಹುಟ್ಟಲೇಬೇಕು. ಹಾಗಾಗಿ ತಪ್ಪಿದರೆ ಮೊದಲನೇ ಚೀಟಿಯೇ ತಪ್ಪಬೇಕು, ಬೇರೆ ಯಾವುದೂ ಅಲ್ಲ. ಅಂಥ ದಿನ ಎರಡೂ ಸಾಲಿನವರು ಒಂದನೇ ನಂಬರ್ ತಮಗೇ ಬಂತೆಂದು ಖುಷಿಯಾಗಿರಬೇಕು, ನಾವೂ ಒಬ್ಬರ ಚೀಟಿ ಒಬ್ಬರು ನೋಡುತ್ತಿರಲಿಲ್ಲ.

"ಒಬ್ಬಾಕೀನೇ ಕೂತು ಒತ್ತಿ ನೋಡಿದೆ" ಎಂದಳು. "ಇಬ್ಬರು ಒಮ್ಮಿಗೇ ಬರ್ತಾರಂತ ಪುಸ್ತಕದಾಗ ಓದೀನಿ. ಕ್ಲಾಸಿನಾಗ ಹುಡುಗರಿಗಿ ಕಲಸ್ತೇನಿ ಸೈತ. ಇಲ್ಲಿ ಯಾರು ಹಂಗ ಬರ್ತಾರ ಅಂತ ಬಿಟ್ಟೆ." ಎದ್ದು ನಿಂತಳು. "ಆ ಹುಡುಗಿ ಮನಿಗಿ ಹೋಗ್ಬೇಕು."

ಸಾಹೇಬರಿಗೆ ಇದು ಬೇಡವಾಗಿತ್ತು. ಅವರ ಮುಖ ನೋಡಿದರೇ ತಿಳಿಯುತ್ತಿತ್ತು. "ನಾಳೆ ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಹೇಳೋಣ. ಹೊಸ ರಿಪೋರ್ಟ್ ಕಳಿಸೋಣ. ನೀವು ಹೋಗಿ ತಪ್ಪಾಗಿದೆ ಅಂತ ಹೇಳಿದ್ರೆ ಊರೆಲ್ಲ ಆಗ್ತದೆ."

"ನಾಳಿ ತನಕ ಆಕಿ ಹಡದ್ರ?" ಎಂದಳು ವಿಶಾಖಾ. ಆಗ ನನಗೆ ಎಲ್ಲಿಂದ ಧೈರ್ಯ ಬಂತೋ, "ನಾನೂ ಹೋಗ್ತೇನ್ರಿ ಸರ್. ರಜಾ ಹಾಕೋರಿ, ಪಗಾರ ಕಡೀರಿ, ಏನರ ಮಾಡ್ರಿ" ಎಂದು ಬ್ಯಾಗು ಎತ್ತಿಕೊಂಡೆ.

ಔರಾದ ಬಸ್ಸು ಸಂತಪುರದ ಮೇಲೇ ಹೋಗುತ್ತದೆ. ದಾರಿಯುದ್ದಕ್ಕೂ ವಿಶಾಖಾ ಹೊಸ ರಿಪೋರ್ಟಿನ ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ನನಗೆ ಸುಮ್ಮನಿರುವುದು ಅಭ್ಯಾಸವಿಲ್ಲ, ಕಿಟಕಿಯ ಹೊರಗಿನ ತೊಗರಿ ನೋಡುತ್ತ ನಾಲಿಗೆ ಕಚ್ಚಿಕೊಂಡು ಕೂತೆ. ಊರಿಗೆ ಇಳಿದ ಮೇಲೆ ಹುಡುಕುವುದು ಕಷ್ಟವಾಗಲಿಲ್ಲ, ಅವಳದೇ ಊರು. ಮಾಯಾ ಹಡೆಯಲು ತವರಿಗೆ ಬಂದವಳು, ತಾಯಿ ಗಂಗುಬಾಯಿ. ಕುರಿ ಸಾಕುವ ಮನೆತನ. ಗಂಗುಬಾಯಿ ಊರ ಹೊರಗಿನ ಹೊಲದಲ್ಲಿದ್ದಾಳೆ, ಹೊಲದವರು ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಂಡಿದ್ದಾರೆ ಎಂದು ಊರವರು ಹೇಳಿದರು. ಮನೆಗೆ ಹೋಗದೆ ಮೊದಲು ಅಲ್ಲಿಗೇ ಹೋದೆವು. ಮಗಳನ್ನು ಊರು ಬಿಡಿಸಬೇಕಾದರೆ ತಾಯಿಯ ಒಪ್ಪಿಗೆ ಬೇಕಲ್ಲ.

ಬಲೆಯ ದೊಡ್ಡಿಯೊಳಗೆ ನೂರು ಕುರಿ ಇದ್ದವು. ಗಂಗುಬಾಯಿ ಐವತ್ತರ ಹೆಂಗಸು, ಕಚ್ಚೆಯ ಸೀರೆ, ಎರಡು ಮೊಣಕಾಲಿನ ನಡುವೆ ಒಂದು ಕುರಿಯನ್ನು ಹಿಡಿದು ನಿಂತಿದ್ದಳು. ವಿಶಾಖಾ ಸುತ್ತುಬಳಸಿ ಹೇಳಲಿಲ್ಲ.

"ಮಾವಶಿ, ನಾನು ಬೀದರ ಲ್ಯಾಬಿನಕಿ. ಸೋಮವಾರ ಕೊಟ್ಟ ರಿಪೋರ್ಟು ನಿಮ್ಮ ಮಗಳದಲ್ಲ. ಬ್ಯಾರೆ ಒಬ್ಬರದು ಆಕಿ ಹೆಸರಿಗಿ ಬಂದದ. ಆಕಿಗಿ ರಕ್ತ ಭಾಳ ಕಡಿಮಿ ಅದ. ಇವತ್ತೇ ದವಾಖಾನಿಗಿ ಒಯ್ಯಬೇಕು."

ಗಂಗುಬಾಯಿ ಕುರಿ ಬಿಡಲಿಲ್ಲ. "ಹದಿನಾಲ್ಕು ಅದ ಅಂತ ಬರ್ದೀರಲ್ಲ. ನರ್ಸಬಾಯಿ ಮದಲೇ ಹೇಳಿದ್ಳು, ರಕ್ತ ಕಮ್ಮಿ ಇದ್ರ ಬೀದರಕ್ಕೇ ಒಯ್ಯಬೇಕು ಅಂತ. ಹದಿನಾಲ್ಕು ಅದಂತ ಆದ ಮ್ಯಾಲ ನಾ ಮನ್ಯಾಗೇ ಹಡಸ್ತೇನಿ ಅಂದೆ. ಸೂಲಗಿತ್ತಿಗಿ ಹೇಳಿ ಇಟ್ಟೀನಿ."

"ಹದಿನಾಲ್ಕಲ್ಲ ಮಾವಶಿ. ಐದು ಪಾಯಿಂಟ್ ಎಂಟು. ಇಲ್ಲಿ ನೋಡ್ರಿ."

"ನನಗ ಓದ್ಲಾಕ ಬರಂಗಿಲ್ಲ. ಆ ಕಾಗದಾನೂ ನಿಮ್ಮದೇ, ಈ ಕಾಗದಾನೂ ನಿಮ್ಮದೇ. ಯಾವುದು ಖರೇ?"

"ಇದು ಖರೇ ಅದ."

"ಸೋಮವಾರ ಅದೂ ಖರೇ ಅಂದಿದ್ರಿ!" ಈಗ ಅವಳ ದನಿ ಏರಿತು. "ಎರಡು ದಿವಸಕ್ಕ ಒಂದು ಕಾಗದ ತರ್ತೀರಿ. ನಾಡದು ಇನ್ನೊಂದು ತಂದು ಇದೂ ಸುಳ್ಳು ಅಂತೀರಿ. ತುಂಬಿದ ಬಸುರೀನ್ನ ಗಾಡ್ಯಾಗ ಕುಲಕಿಸ್ಕೋತ ಬೀದರಕ್ಕ ಒಯ್ಯಲಾ? ದಾರ್ಯಾಗ ಏನರ ಆದ್ರ ನೀವು ಬರ್ತೀರೇನು?"

ನಾನು ಬಾಯಿ ಹಾಕಿದೆ, ದೊಡ್ಡ ಯಂತ್ರ, ದೊಡ್ಡ ಡಾಕ್ಟರು ಎಂದೆಲ್ಲ ಹೇಳಿದೆ. ಎಷ್ಟು ಹೇಳಿದೆನೋ ಅಷ್ಟು ಅವಳು ಹಟ ಹಿಡಿದಳು. ಅವಳನ್ನು ತಪ್ಪೆನ್ನುವುದು ಹೇಗೆ? ಒಂದೇ ಮೊಹರಿನ ಎರಡು ಕಾಗದ, ಎರಡರ ಮೇಲೂ ಒಂದನೇ ನಂಬರ್. ನಾನಾಗಿದ್ದರೂ ನಂಬುತ್ತಿರಲಿಲ್ಲ. ಆಗ ನನಗೆ ನಿಜಕ್ಕೂ ಭಯವಾಯಿತು, ನಾವು ಬಂದದ್ದು ವ್ಯರ್ಥ, ಆ ಹುಡುಗಿ ಸಾಯುತ್ತಾಳೆ ಎಂದು.

ಗಂಗುಬಾಯಿ ನಮ್ಮನ್ನು ಬಿಟ್ಟು ತನ್ನ ಕೆಲಸಕ್ಕೆ ತಿರುಗಿದಳು. ಮೊಣಕಾಲಿನ ನಡುವಿನ ಕುರಿಯ ತಲೆ ಎತ್ತಿ, ಹೆಬ್ಬೆರಳಿನಿಂದ ಅದರ ಕೆಳಗಿನ ರೆಪ್ಪೆ ಎಳೆದು ನೋಡಿದಳು, ಬಿಟ್ಟಳು. ಇನ್ನೊಂದನ್ನು ಹಿಡಿದಳು, ರೆಪ್ಪೆ ಎಳೆದಳು, ಆ ಕುರಿಯನ್ನು ಬೇರೆ ಕಡೆ ನೂಕಿದಳು.

"ಏನು ನೋಡ್ಲಾಕತ್ತೀರಿ ಮಾವಶಿ?" ಎಂದಳು ವಿಶಾಖಾ.

"ಕಣ್ಣು. ಒಳಗ ಕೆಂಪಿದ್ರ ಚಂದ ಅದ. ಬೆಳ್ಳಗಿದ್ರ ಹೊಟ್ಯಾಗಿನ ಹುಳ ರಕ್ತ ಕುಡದಾವಂತ ಲೆಕ್ಕ. ಔಷಧಿ ಹಾಕ್ಬೇಕು, ಇಲ್ಲಂದ್ರ ನಿಂತಲ್ಲೇ ಬಿದ್ದು ಸಾಯ್ತದ."

"ದಿನಾ ನೋಡ್ತೀರಿ?"

"ಎಂಟು ದಿನಕ್ಕೊಮ್ಮಿ ಎಲ್ಲಾವು ನೋಡ್ತೇನಿ. ಯಾಕ?"

"ಮಾಯಾನ ಕಣ್ಣು ನೋಡೀರಿ?"

ಗಂಗುಬಾಯಿಯ ಕೈಯಲ್ಲಿದ್ದ ಕುರಿ ತಪ್ಪಿಸಿಕೊಂಡು ಹೋಯಿತು. ಅವಳು ಹಿಡಿಯಲು ಹೋಗಲಿಲ್ಲ.

"ನನ್ನ ಕಾಗದ ನಂಬಬ್ಯಾಡ್ರಿ" ಎಂದಳು ವಿಶಾಖಾ. "ಮನಿಗಿ ಹೋಗಿ ಆಕಿ ಕಣ್ಣು ನೀವೇ ನೋಡ್ರಿ. ಕೆಂಪಿದ್ರ ನಾವು ಹಂಗೇ ಬಸ್ ಹತ್ತಿ ಹೋಗ್ತೇವಿ. ಇಲ್ಲಂದ್ರ ನಿಮಗೇ ತಿಳೀತದ."

ಹೊಲದಿಂದ ಮನೆಗೆ ಆ ಹೆಂಗಸು ನಡೆದ ರಭಸಕ್ಕೆ ನಾವಿಬ್ಬರೂ ಹಿಂದೆ ಬಿದ್ದೆವು. ಮಾಯಾ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಸಣ್ಣ ಮುಖ, ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದಳು. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದು ಮನೆಯವರು ಬಿಟ್ಟಿದ್ದರು. ಗಂಗುಬಾಯಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ರೆಪ್ಪೆ ಎಳೆದಳು. ಜೋಳದ ಹಿಟ್ಟಿನ ಬಣ್ಣ. ಇನ್ನೊಂದು ಕಣ್ಣು ಎಳೆದಳು. ಅದೂ ಹಾಗೇ.

"ಯವ್ವಾ, ಏನು ಮಾಡ್ತಿ?" ಎಂದಳು ಮಾಯಾ.

ಗಂಗುಬಾಯಿ ತನ್ನ ಹಣೆ ಬಡಿದುಕೊಂಡಳು. "ನೂರು ಕುರಿ ಕಣ್ಣು ನೋಡಿದೆ, ನಿನ್ನ ಕಣ್ಣು ನೋಡ್ಲಿಲ್ಲವ್ವಾ. ಕಾಗದ ಅದಂತ ಬಿಟ್ಟೆ. ಕಾಗದ ಅದಂತ ಬಿಟ್ಟೆ!" ಎಂದು ಅದನ್ನೇ ಅಂದಳು. ನಾನು ಗೋಡೆಯ ಕಡೆ ತಿರುಗಿ ಅತ್ತೆ, ಮುಚ್ಚಿಡುವುದೇನಿದೆ? ವಿಶಾಖಾ ಅಷ್ಟರಲ್ಲಿ ಹೊರಗೆ ನಿಂತು ನೂರಾ ಎಂಟಕ್ಕೆ ಫೋನು ಹಚ್ಚಿದ್ದಳು.

ಆಂಬುಲೆನ್ಸ್ ಹತ್ತುವ ಮೊದಲು ಗಂಗುಬಾಯಿ ವಿಶಾಖಾಳ ರಟ್ಟೆ ಹಿಡಿದು ಕೇಳಿದಳು, "ತಪ್ಪು ಯಾರು ಮಾಡಿದ್ರು?"

"ನಾನು. ನಂಬರ್ ಕೊಡೋದು ನಾನೇ ಬರ್ದದ್ದು. ಇಬ್ಬರಿಗಿ ಒಂದೇ ನಂಬರ್ ಹೋಗೋ ಹಂಗ ಬಿಟ್ಟಿದ್ದೆ."

"ನಿನಗ ಎರಡು ಬಿಗೀಬೇಕು ಅನಸ್ತದ."

"ಬಿಗೀರಿ. ಮದಲ ಗಾಡಿ ಹತ್ರಿ" ಎಂದಳು ವಿಶಾಖಾ. ತಾನೂ ಹತ್ತಿದಳು.

ಬೀದರಿನ ಆಸ್ಪತ್ರೆಯಲ್ಲಿ ಮತ್ತೆ ರಕ್ತ ನೋಡಿದರು, ಐದು ಪಾಯಿಂಟ್ ಆರು. ಅವತ್ತು ಒಂದು ಬಾಟಲಿ, ಮರುದಿನ ಎರಡು ಬಾಟಲಿ ರಕ್ತ ಏರಿಸಿದರು. ಒಂದು ಬಾಟಲಿ ಮಕ್ಸೂದನದು. ಶನಿವಾರ ಬೆಳಿಗ್ಗೆ ನೋವು ಬಂತು, ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಆಮೇಲೆ ರಕ್ತ ಹೋಗುವುದು ನಿಲ್ಲಲು ಒಂದು ಗಂಟೆ ಹಿಡಿಯಿತು. ಮನೆಯಲ್ಲಿ ಹೀಗಾಗಿದ್ದರೆ ತಾಯಿ ಉಳಿಯುತ್ತಿರಲಿಲ್ಲ ಎಂದು ಅಲ್ಲಿಯ ಡಾಕ್ಟರ್ ಅಮ್ಮ ಹೇಳಿದರು, ಬೇರೆ ರೋಗಿಯ ಹಾಳೆ ತಿರುವುತ್ತ.

ವಿಶಾಖಾ ಪ್ರೋಗ್ರಾಂ ತಿದ್ದಿದಳು. ಈಗ ಪ್ರೋಗ್ರಾಂ ಯಾರಾದರೂ ಬಂದು ಕೇಳುವವರೆಗೆ ಕಾಯುವುದಿಲ್ಲ, ಕಂಪ್ಯೂಟರ್ ಚಾಲೂ ಆದ ಕೂಡಲೇ, ಕಿಟಕಿ ತೆರೆಯುವ ಮೊದಲೇ ನಂಬರ್ ಕೊಡುವ ಆಬ್ಜೆಕ್ಟನ್ನು ಮಾಡಿ ಕೂರಿಸಿಬಿಡುತ್ತದೆ. ಕೊಳವೆಯ ಮೇಲೆ ನಂಬರಿನ ಜೊತೆ ಹೆಸರೂ ಬರುತ್ತದೆ. ಸಾಹೇಬರು ಔರಾದಿನಲ್ಲಿ ಒಂದು ಶಾಖೆ ತೆರೆಯುವ ಮಾತೆತ್ತಿದಾಗ, "ಇದು ಒಂದು ಪ್ರೋಗ್ರಾಮಿನ ಒಳಗಷ್ಟೇ ಒಂದು ಇರ್ತದ್ರಿ ಸರ್. ಔರಾದದಾಗ ಇನ್ನೊಂದು ಪ್ರೋಗ್ರಾಂ ಓಡಿದ್ರ ಅಲ್ಲಿ ಅದರದೇ ಒಂದು ಹುಟ್ತದ. ಎಣಿಕಿ ಒಂದೇ ಕಡೀಗಿ ಇಟ್ಟು ಎಲ್ಲಾರೂ ಅಲ್ಲಿಂದೇ ತರ್ಬೇಕು. ಅದನ್ನ ಮಾಡೋ ತನಕ ತೆಗೀಬ್ಯಾಡ್ರಿ" ಎಂದಳು. ಸಾಹೇಬರು ಶಾಖೆ ತೆರೆಯಲಿಲ್ಲ.

ಆದರೆ ಅವಳ ಮನಸ್ಸು ಅಷ್ಟಕ್ಕೆ ನಿಲ್ಲಲಿಲ್ಲ. ಐದು ತಿಂಗಳ ಯಾದಿ ತೆಗೆದು ಕೂತಳು. ಒಂದನೇ ನಂಬರ್ ಎರಡೆರಡು ಬಂದ ಬೆಳಗುಗಳು ಇನ್ನೂ ಐದು ಇದ್ದವು, ಅಂದರೆ ಹತ್ತು ಜನ. ಸಾಹೇಬರು ಕೈಮುಗಿದು, "ಹಳೇದನ್ನ ಕೆದಕಬೇಡಮ್ಮ" ಎಂದರು. ಅವಳು ಕ್ಲಾಸಿಗೆ ರಜೆ ಹಾಕಿ, ಮಕ್ಸೂದನನ್ನು ಕರೆದುಕೊಂಡು, ಒಬ್ಬೊಬ್ಬರ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಮತ್ತೆ ರಕ್ತ ತೆಗೆಸಿಕೊಂಡು ಬಂದಳು. ಮನ್ನಳ್ಳಿಯ ಒಬ್ಬ ಮುದುಕ ಎರಡು ತಿಂಗಳಿಂದ ತನಗಿಲ್ಲದ ಸಕ್ಕರೆ ಕಾಯಿಲೆಗೆ ಪಥ್ಯ ಮಾಡುತ್ತಿದ್ದನಂತೆ. ಮೊದಲು ಮನಸಾರೆ ಬೈದು, ಆಮೇಲೆ ಹೆಂಡತಿಗೆ ಶಿರಾ ಮಾಡಲು ಹೇಳಿದನಂತೆ. ನಿಜವಾದ ಸಕ್ಕರೆ ಕಾಯಿಲೆಯವಳು ಭಾಲ್ಕಿಯಲ್ಲಿ ಸಿಕ್ಕಳು, ಕಾಲಿನ ಗಾಯ ಮಾಯದೆ ಗೋಳಾಡುತ್ತಿದ್ದಳು. ಈಗ ಅವಳಿಗೆ ಸರಿಯಾದ ಔಷಧಿ ನಡೆದಿದೆ. ಈ ಹೊತ್ತಿಗೆ ಊರಿನಲ್ಲಿ ಸುದ್ದಿ ಹರಡಿ ನಮ್ಮ ಲ್ಯಾಬಿಗೆ ಬರುವವರು ಅರ್ಧಕ್ಕರ್ಧ ಕಡಿಮೆಯಾದರು. ಸಾಹೇಬರು ವಿಶಾಖಾಳ ಜೊತೆ ಮಾತು ಬಿಟ್ಟರು.

ಎರಡು ತಿಂಗಳ ನಂತರ ಒಂದು ಶುಕ್ರವಾರ ನನ್ನ ಕಿಟಕಿಯ ಮುಂದೆ ಗಂಗುಬಾಯಿ ಬಂದು ನಿಂತಳು. ಹಿಂದೆ ಮಾಯಾ, ಅವಳ ಹೆಗಲ ಮೇಲೆ ಮಗು. ಬೇರೆ ಲ್ಯಾಬ್ ನಾಲ್ಕಿದ್ದವು, ಇವರು ಇಲ್ಲಿಗೇ ಬಂದಿದ್ದಾರಲ್ಲ ಎಂದು ನಾನು ಬಾಯಿ ತೆರೆದುಕೊಂಡೇ ಹೆಸರು ಬರೆದೆ. ಮಕ್ಸೂದ ರಕ್ತ ತೆಗೆದ. ಅರ್ಧ ಗಂಟೆಗೆ ರಿಪೋರ್ಟ್ ಬಂತು, ನಾನು ಕಿಟಕಿಯಿಂದ ಚಾಚಿದೆ. ಗಂಗುಬಾಯಿ ಕೈ ಮುಂದೆ ಮಾಡಲಿಲ್ಲ.

"ಕಾಗದ ಬ್ಯಾಡ. ಆ ಹುಡುಗೀನ್ನ ಕರೀರಿ."

"ಯಾವ ಹುಡುಗಿ?"

"ತಪ್ಪು ನಂದು ಅಂತ ಹೇಳಿದ ಹುಡುಗಿ. ಆಕಿ ಹೇಳ್ಲಿ."

"ಆಕಿ ಭಾಲ್ಕ್ಯಾಗ ಇರ್ತಾಳ ಮಾವಶಿ. ಬರ್ಲಾಕ ತಾಸಿನ ಮ್ಯಾಲ ಆಗ್ತದ."

"ಆಗ್ಲಿ. ಕೂಡ್ತೇವಿ."

ಬೆಂಚಿನ ಮೇಲೆ ಕೂತುಬಿಟ್ಟಳು. ಫೋನು ಮಾಡಿದೆ. ವಿಶಾಖಾ ಏನಾಯಿತು ಎಂದು ಕೂಡ ಕೇಳದೆ ಪಾಠ ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದಳು. ಮಧ್ಯಾಹ್ನ ಎರಡೂವರೆಗೆ ಒಳಗೆ ಬಂದವಳು ನೇರ ಮಕ್ಸೂದನ ಕೋಣೆಗೆ ಹೋದಳು. ಕೊಳವೆ ತೆಗೆದು ಅದರ ಮೇಲಿನ ಹೆಸರು ಓದಿದಳು. ಮಕ್ಸೂದನಿಂದ ಇನ್ನೊಮ್ಮೆ ಯಂತ್ರಕ್ಕೆ ಹಾಕಿಸಿದಳು, ಪಕ್ಕದಲ್ಲೇ ನಿಂತು ನೋಡಿದಳು. ಆಮೇಲೆ ಹೊರಗೆ ಬಂದು ಬೆಂಚಿನ ಮುಂದೆ ಕೂತಳು, ನೆಲದ ಮೇಲೆಯೇ.

"ಹತ್ತು ಪಾಯಿಂಟ್ ಒಂಬತ್ತು ಮಾವಶಿ. ಇನ್ನೂ ಸ್ವಲ್ಪ ಏರ್ಬೇಕು. ಗುಳಿಗಿ ಬಿಡಬ್ಯಾಡ್ರಿ."

ಗಂಗುಬಾಯಿ ಅವಳ ಮುಖ ನೋಡಿದಳು. ಕಾಗದ ಇನ್ನೂ ನನ್ನ ಕೈಯಲ್ಲೇ ಇತ್ತು.

"ಹಾಂ" ಎಂದಳು. "ನಡಿ ಮಾಯಾ, ಬಸ್ಸಿಗಿ ಹೊತ್ತಾತು."